ಹಳೆಯ ಟ್ರ್ಯಾಕ್ಟರ್, ನೋಯುವ ಸೊಂಟ: ಮೆತ್ತೆಗಿಂತ ಮೊದಲು ನೋಡಬೇಕಾದವು

ಪ್ರಶ್ನೆ: ನನಗೆ 52 ವರ್ಷ. ರಾಣೆಬೆನ್ನೂರು ತಾಲ್ಲೂಕಿನಲ್ಲಿ ಎಂಟು ಎಕರೆ ಎರೆಹೊಲವಿದ್ದು, ಮೆಕ್ಕೆಜೋಳ ಮತ್ತು ಹತ್ತಿ ಬೆಳೆಯುತ್ತೇನೆ. ಸುತ್ತಲಿನವರ ಹೊಲಗಳಿಗೆ ಬಾಡಿಗೆಗೂ ಹೋಗುತ್ತೇನೆ. 1998ರಲ್ಲಿ ಕೊಂಡ 35 ಎಚ್‌ಪಿ ಟ್ರ್ಯಾಕ್ಟರಿನ ಎಂಜಿನ್ ಈಗಲೂ ಗಟ್ಟಿಯಾಗಿದೆ. ಆದರೆ ಆರೇಳು ಗಂಟೆ ಓಡಿಸಿದ ದಿನ ಸೊಂಟ ಹಿಡಿದುಕೊಳ್ಳುತ್ತದೆ, ಭುಜ ನೋಯುತ್ತದೆ, ರಾತ್ರಿ ಕಿವಿಯಲ್ಲಿ ಗುಂಯ್ ಎನ್ನುತ್ತದೆ. ಸೀಟಿನ ಮೇಲೆ ಆರಿಂಚು ದಪ್ಪದ ಮೆತ್ತೆ ಹಾಕಿಸಿದರೂ ಗುಣ ಕಾಣಲಿಲ್ಲ. ಬೇರೆ ಸೀಟು, ಪವರ್ ಸ್ಟೀರಿಂಗ್, ಮೇಲೊಂದು ಹುಡ್ ಹಾಕಿಸಬೇಕೆಂದಿದ್ದೇನೆ. ಯಾವುದನ್ನು ಮೊದಲು ಮಾಡಿಸಲಿ?

ಉತ್ತರ: ನೀವು ಹೇಳಿದ ಮೂರಕ್ಕಿಂತಲೂ ಮೊದಲು ಮಾಡಬೇಕಾದ ಕೆಲಸಗಳು ಕೆಲವಿವೆ, ಅವುಗಳಲ್ಲಿ ಹೆಚ್ಚಿನವಕ್ಕೆ ಖರ್ಚೇ ಇಲ್ಲ. ಅದಕ್ಕೂ ಮುಂಚೆ ಒಂದು ಮಾತು. ನೋವು ಸೊಂಟದಿಂದ ಕಾಲಿಗೆ ಇಳಿಯುತ್ತಿದ್ದರೆ, ಪಾದ ಜೋಮು ಹಿಡಿಯುತ್ತಿದ್ದರೆ ಅಥವಾ ಕಾಲಿನ ಬಲ ಕಡಿಮೆಯಾದಂತೆ ಅನ್ನಿಸುತ್ತಿದ್ದರೆ ದಯವಿಟ್ಟು ಮೊದಲು ಮೂಳೆ ವೈದ್ಯರನ್ನು ಕಾಣಿರಿ. ಟ್ರ್ಯಾಕ್ಟರನ್ನು ಎಷ್ಟೇ ಸರಿಪಡಿಸಿದರೂ ನರ ಒತ್ತಿಕೊಂಡ ಬೆನ್ನಿಗೆ ಅದೊಂದೇ ಚಿಕಿತ್ಸೆಯಾಗುವುದಿಲ್ಲ.

ಟ್ರ್ಯಾಕ್ಟರಿಗೂ ಉಳಿದ ವಾಹನಗಳಿಗೂ ಇರುವ ಮೂಲ ವ್ಯತ್ಯಾಸವನ್ನು ಗಮನಕ್ಕೆ ತಂದುಕೊಳ್ಳೋಣ. ಎತ್ತಿನಗಾಡಿಯಲ್ಲಿ ಇಲ್ಲದ ಸ್ಪ್ರಿಂಗು ಜೀಪಿಗೆ ಬಂತು, ಲಾರಿಗೆ ಬಂತು, ನಿಮ್ಮ ಟ್ರ್ಯಾಕ್ಟರಿಗೆ ಮಾತ್ರ ಬರಲಿಲ್ಲ. ಅದರ ಹಿಂದಿನ ಆಕ್ಸಲ್ ನೇರವಾಗಿ ಗೇರುಪೆಟ್ಟಿಗೆಯ ಮೈಗೆ ಬೋಲ್ಟಾಗಿದೆ. ಮುಂದಿನ ಆಕ್ಸಲ್ ನಡುವಿನ ಒಂದು ಪಿನ್ನಿನ ಮೇಲೆ ಅತ್ತಿತ್ತ ವಾಲುತ್ತದೆಯೇ ಹೊರತು ಅದಕ್ಕೂ ಸ್ಪ್ರಿಂಗಿಲ್ಲ. ಹೀಗಾಗಿ ಹೆಂಟೆಗೂ ನಿಮ್ಮ ಬೆನ್ನುಮೂಳೆಗೂ ನಡುವೆ ಇರುವ ಸ್ಪ್ರಿಂಗುಗಳು ಎರಡೇ: ಒಂದು ಟೈರಿನೊಳಗಿನ ಗಾಳಿ, ಇನ್ನೊಂದು ಸೀಟಿನ ಕೆಳಗಿನದು. ಟೈರಿನ ಮೇಲೆ ಟ್ರ್ಯಾಕ್ಟರ್ ಪುಟಿಯುವ ಲಯ ಸೆಕೆಂಡಿಗೆ ಎರಡರಿಂದ ನಾಲ್ಕು ಸಲದಷ್ಟಿರುತ್ತದೆ. ಕುಳಿತ ಮನುಷ್ಯನ ದೇಹ ಮೇಲೆ ಕೆಳಗಿನ ಕುಲುಕಾಟಕ್ಕೆ ಅತಿ ಹೆಚ್ಚು ಸ್ಪಂದಿಸುವುದು ಸೆಕೆಂಡಿಗೆ ನಾಲ್ಕರಿಂದ ಎಂಟು ಸಲದ ಲಯದಲ್ಲಿ. ಇವೆರಡೂ ಒಂದರ ಪಕ್ಕ ಒಂದು ಇರುವುದೇ ಟ್ರ್ಯಾಕ್ಟರ್ ಓಡಿಸುವವರ ಸೊಂಟನೋವಿನ ಮೂಲ. ಇದು ವಯಸ್ಸಿನ ದೌರ್ಬಲ್ಯವಲ್ಲ, ಕೆಲಸದಿಂದ ಬರುವ ತೊಂದರೆ. ಯುರೋಪ್ ಒಕ್ಕೂಟವು 2002ರಲ್ಲಿಯೇ ಕೆಲಸಗಾರರ ದೇಹಕ್ಕೆ ತಾಗುವ ಕಂಪನಕ್ಕೆ ಕ್ರಮ ಕೈಗೊಳ್ಳಬೇಕಾದ ಮಟ್ಟ ಮತ್ತು ಮೀರಬಾರದ ಮಟ್ಟ ಎಂದು ಎರಡು ಗೆರೆಗಳನ್ನು ಎಳೆದಿದೆ.

ಆದ್ದರಿಂದ ಮೊದಲು ಟೈರಿನ ಗಾಳಿಯನ್ನು ನೋಡಿರಿ. ನಾನು ಹಳ್ಳಿಗಳಲ್ಲಿ ಗೇಜು ಹಿಡಿದು ಪರೀಕ್ಷಿಸಿದ ಟ್ರ್ಯಾಕ್ಟರುಗಳಲ್ಲಿ ಹಿಂದಿನ ಟೈರಿಗೆ ಸರಿಯಾದ ಗಾಳಿ ಇದ್ದವು ಬಹಳ ಕಡಿಮೆ. ಪಂಕ್ಚರ್ ಅಂಗಡಿಯವರು ಇಪ್ಪತ್ತೈದು ಮೂವತ್ತು ಪೌಂಡ್ ತುಂಬಿಸಿ ಕಳಿಸುತ್ತಾರೆ. ಟೈರು ಕಲ್ಲಿನಂತೆ ನಿಂತರೆ ನಮಗೂ ಅದು ಗಟ್ಟಿಯಾಗಿದೆಯೆಂಬ ಸಮಾಧಾನ. ನಿಮ್ಮ ವರ್ಗದ ಟ್ರ್ಯಾಕ್ಟರುಗಳಿಗೆ ಬರುವ 12.4-28 ಅಳತೆಯ ಹಿಂದಿನ ಟೈರಿಗೆ ಹೊಲದ ಕೆಲಸದಲ್ಲಿ ಸಾಮಾನ್ಯವಾಗಿ 12ರಿಂದ 14 ಪೌಂಡ್, ಅಂದರೆ ಚದರ ಸೆಂಟಿಮೀಟರಿಗೆ 0.8ರಿಂದ 1 ಕಿಲೋದಷ್ಟು ಗಾಳಿ ಸಾಕಾಗುತ್ತದೆ. ತುಂಬಿದ ಟ್ರೇಲರ್ ಎಳೆಯುವಾಗ ಇದಕ್ಕಿಂತ ತುಸು ಹೆಚ್ಚು ಬೇಕು; ನಿಖರವಾದ ಅಂಕಿಯನ್ನು ನಿಮ್ಮ ಕೈಪಿಡಿಯಲ್ಲಿ ನೋಡಿಕೊಳ್ಳಿರಿ. ಬೆಳಿಗ್ಗೆ ಟೈರು ತಣ್ಣಗಿರುವಾಗ ಅಳೆಯಬೇಕು, ಎರಡೂ ಬದಿಗೆ ಸಮನಾಗಿರಬೇಕು. ಹಾಗೆಂದು ತೀರ ಇಳಿಸುವುದೂ ತಪ್ಪು. ಪಕ್ಕದ ಗೋಡೆ ಸೀಳುತ್ತದೆ, ರಿಮ್ಮಿನ ಮೇಲೆ ಟೈರು ಜಾರಿ ಟ್ಯೂಬಿನ ವಾಲ್ವ್ ಕಿತ್ತುಬರುತ್ತದೆ.

ಟೈರಿಗೆ ನೀರು ತುಂಬಿಸಿದ್ದೀರಾ ಎಂಬುದನ್ನು ನೀವು ಬರೆದಿಲ್ಲ. ಎರೆಹೊಲದಲ್ಲಿ ನೇಗಿಲು ಹೊಡೆಯುವವರು ಹಿಡಿತಕ್ಕಾಗಿ ಟೈರಿನ ಮುಕ್ಕಾಲು ಭಾಗ ನೀರು ತುಂಬಿಸುವುದು ವಾಡಿಕೆ. ಅದರಿಂದ ಒಂದೊಂದು ಚಕ್ರಕ್ಕೆ ನೂರು ಕಿಲೋಗೂ ಮೀರಿ ತೂಕ ಸೇರುತ್ತದೆ, ನಿಜ. ಆದರೆ ನೀರನ್ನು ಗಾಳಿಯಂತೆ ಅದುಮಲು ಬರುವುದಿಲ್ಲ, ಉಳಿದ ಕಾಲು ಭಾಗದ ಗಾಳಿಯೊಂದೇ ಸ್ಪ್ರಿಂಗಾಗಿ ಕೆಲಸ ಮಾಡಬೇಕಾಗುತ್ತದೆ ಮತ್ತು ಟೈರು ಬಿರುಸಾಗುತ್ತದೆ. ನೇಗಿಲಿನ ಹಂಗಾಮು ಮುಗಿದು ಬಿತ್ತನೆ, ಎಡೆ ಹೊಡೆಯುವುದು ಮತ್ತು ಟ್ರೇಲರಿನ ಕೆಲಸ ಶುರುವಾದ ಮೇಲೂ ನೀರನ್ನು ಹಾಗೆಯೇ ಉಳಿಸಿಕೊಳ್ಳುವವರು ಸುಮ್ಮನೆ ಕುಲುಕಾಟವನ್ನು ಹೊತ್ತು ತಿರುಗುತ್ತಾರೆ. ತೂಕ ಬೇಕೇಬೇಕೆಂದರೆ ಚಕ್ರಕ್ಕೆ ಬೋಲ್ಟ್ ಮಾಡುವ ಬೀಡು ಕಬ್ಬಿಣದ ತೂಕಗಳು ಇದಕ್ಕಿಂತ ಮೇಲು, ಅವು ಟೈರಿನ ಮೆತುತನವನ್ನು ಕಸಿದುಕೊಳ್ಳುವುದಿಲ್ಲ. ಮುಂದಿನ ತೂಕಗಳನ್ನು ಮಾತ್ರ ಆರಾಮದ ಹೆಸರಿನಲ್ಲಿ ತೆಗೆಯಬೇಡಿರಿ, ಮೂತಿ ಮೇಲೇಳುವ ಅಪಾಯವಿದೆ.

ಇನ್ನು ಸೀಟು. ಆರಿಂಚಿನ ಮೆತ್ತೆ ಏಕೆ ಗುಣ ಕೊಡಲಿಲ್ಲ ಎಂಬುದನ್ನು ತಿಳಿಯಲು ಒಂದು ಸಣ್ಣ ಪ್ರಯೋಗ ಮಾಡಿ ನೋಡಿರಿ. ಸೈಕಲ್ ಟ್ಯೂಬಿನಿಂದ ಕತ್ತರಿಸಿದ ಒಂದು ರಬ್ಬರ್ ಪಟ್ಟಿಗೆ ಕಲ್ಲು ಕಟ್ಟಿ ಕೈಯಲ್ಲಿ ಹಿಡಿಯಿರಿ. ಕೈಯನ್ನು ನಿಧಾನವಾಗಿ ಮೇಲೆ ಕೆಳಗೆ ಆಡಿಸಿದರೆ ಕಲ್ಲು ಕೈಯ ಜೊತೆಗೇ ಆಡುತ್ತದೆ. ವೇಗ ಹೆಚ್ಚಿಸುತ್ತ ಹೋದಂತೆ ಒಂದು ಹಂತದಲ್ಲಿ ಕಲ್ಲು ಕೈಗಿಂತಲೂ ಹೆಚ್ಚು ಎಗರಾಡತೊಡಗುತ್ತದೆ. ಇನ್ನೂ ವೇಗವಾಗಿ ಆಡಿಸಿದರೆ, ಆಶ್ಚರ್ಯವೆಂಬಂತೆ, ಕಲ್ಲು ಹೆಚ್ಚುಕಡಿಮೆ ನಿಂತಲ್ಲೇ ನಿಲ್ಲುತ್ತದೆ. ಸೀಟಿನ ಸ್ಪ್ರಿಂಗೂ ಹೀಗೆಯೇ: ತನ್ನ ಸಹಜ ಲಯದ ಸುಮಾರು 1.4 ಪಟ್ಟಿಗಿಂತ ವೇಗವಾಗಿ ಬರುವ ಕುಲುಕಾಟವನ್ನು ಮಾತ್ರ ಅದು ತಗ್ಗಿಸಬಲ್ಲದು, ಅದಕ್ಕಿಂತ ನಿಧಾನದ್ದನ್ನು ಹಾಗೆಯೇ ದಾಟಿಸುತ್ತದೆ ಅಥವಾ ಇನ್ನೂ ದೊಡ್ಡದು ಮಾಡುತ್ತದೆ. ಮೆತ್ತನೆಯ ದಪ್ಪ ಫೋಮಿನ ಮೇಲೆ ಕುಳಿತ ದೇಹದ ಸಹಜ ಲಯ ಹೆಚ್ಚಾಗಿ ಸೆಕೆಂಡಿಗೆ ಮೂರು ನಾಲ್ಕರ ಆಸುಪಾಸಿನಲ್ಲಿ ಬರುತ್ತದೆ, ಟೈರು ಪುಟಿಯುವುದೂ ಅದೇ ಆಸುಪಾಸಿನಲ್ಲಿ. ಅಂದರೆ ನಿಮ್ಮ ಮೆತ್ತೆ ನೆಲದ ಏಟನ್ನು ನುಂಗುವ ಬದಲು ಅದಕ್ಕೆ ಕೈಜೋಡಿಸುತ್ತಿದೆ. ಮನೆಯಲ್ಲಿ ಕುಳಿತು ನೋಡಿದಾಗ ಹಿತವಾಗಿದ್ದ ಮೆತ್ತೆ ಹೊಲದಲ್ಲಿ ಕೈಕೊಡುವುದು ಇದೇ ಕಾರಣಕ್ಕೆ. ನಾನೂ ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಬ್ಬ ಹಿರಿಯ ರೈತರಿಗೆ ಇಂಥದೇ ಮೆತ್ತೆಯನ್ನು ಹಾಕಿಸಿಕೊಟ್ಟು, ವಾರ ಕಳೆದು ಅವರ ಹೊಲಕ್ಕೆ ಹೋದಾಗ ಅವರು ಅದನ್ನು ಬಿಚ್ಚಿ ಬದುವಿನ ಮೇಲಿಟ್ಟು ಬರಿಯ ತಗಡಿನ ಸೀಟಿನ ಮೇಲೆ ಕುಳಿತಿದ್ದುದನ್ನು ಕಂಡೆ. ಅವರ ಬೆನ್ನಿಗೆ ತಿಳಿದಿದ್ದು ನನಗೆ ಆಗ ತಿಳಿದಿರಲಿಲ್ಲ.

ಸೀಟಿನ ಕೆಲಸವನ್ನು ಸ್ಪ್ರಿಂಗು ಮತ್ತು ಶಾಕ್ ಅಬ್ಸಾರ್ಬರ್ ಮಾಡಬೇಕು, ಮೆತ್ತೆಯಲ್ಲ. ನಿಮ್ಮ ಹಳೆಯ ಸೀಟಿನಡಿ ಇವೆರಡೂ ಇದ್ದರೆ ಮೊದಲು ಅವುಗಳ ಸ್ಥಿತಿ ನೋಡಿರಿ. ಇಪ್ಪತ್ತೈದು ವರ್ಷ ದಾಟಿದ ಸ್ಪ್ರಿಂಗು ಕುಸಿದಿರುತ್ತದೆ, ಶಾಕ್ ಅಬ್ಸಾರ್ಬರಿನ ಎಣ್ಣೆ ಎಂದೋ ಸೋರಿಹೋಗಿರುತ್ತದೆ, ಪಿನ್ನು ಬುಷ್ಷುಗಳು ಸವೆದು ಸೀಟು ಪಕ್ಕಕ್ಕೂ ವಾಲಾಡುತ್ತಿರುತ್ತದೆ. ನೀವು ಕುಳಿತಾಗ ಸೀಟು ತನ್ನ ಚಲನೆಯ ಒಟ್ಟು ಎತ್ತರದ ನಡುಮಧ್ಯದಲ್ಲಿ ನಿಲ್ಲಬೇಕು. ತೀರ ಕೆಳಕ್ಕೆ ಇಳಿದು ಕೂತರೆ ಪ್ರತಿ ದಿಣ್ಣೆಗೂ ತಳದ ರಬ್ಬರಿಗೆ ಧಡ್ ಎಂದು ಬಡಿಯುತ್ತದೆ, ಆ ಬಡಿತ ಸ್ಪ್ರಿಂಗೇ ಇಲ್ಲದ ಸೀಟಿಗಿಂತಲೂ ಕೆಟ್ಟದ್ದು. ತೂಕಕ್ಕೆ ತಕ್ಕಂತೆ ಬಿಗಿ ಮಾಡುವ ಹಿಡಿ ಇರುವ ಸೀಟಾದರೆ, ನೀವು ಕೂರುವಾಗ ಒಂದು ಹೊಂದಿಕೆ, ನಿಮ್ಮ ಮಗ ಕೂರುವಾಗ ಇನ್ನೊಂದು ಹೊಂದಿಕೆ ಬೇಕು. ಒಮ್ಮೆ ತಿರುಗಿಸಿ ತುಕ್ಕು ಹಿಡಿಯಲು ಬಿಟ್ಟ ಹಿಡಿಯಿಂದ ಪ್ರಯೋಜನವಿಲ್ಲ.

ಹೊಸ ಸೀಟನ್ನೇ ಹಾಕಿಸುವುದಾದರೆ, ಈಚಿನ ಟ್ರ್ಯಾಕ್ಟರುಗಳಿಗೆಂದೇ ತಯಾರಾದ, ಕತ್ತರಿಯಾಕಾರದ ಚೌಕಟ್ಟಿನೊಳಗೆ ಸ್ಪ್ರಿಂಗು ಮತ್ತು ಶಾಕ್ ಅಬ್ಸಾರ್ಬರ್ ಇರುವ, ಮುಂದೆ ಹಿಂದೆ ಸರಿಯುವ ಸೀಟನ್ನು ಆರಿಸಿರಿ. ಗುಜರಿಯಲ್ಲಿ ಸಿಗುವ ಕಾರಿನ ಸೀಟು ನೋಡಲು ಚೆಂದ, ಬೆನ್ನಿಗೆ ನಿಷ್ಪ್ರಯೋಜಕ. ಕಾರಿನಲ್ಲಿ ಸ್ಪ್ರಿಂಗು ಚಕ್ರದ ಬಳಿ ಇರುತ್ತದೆ, ಸೀಟಿನಡಿ ಅಲ್ಲ. ಕೊಳ್ಳುವ ಮುಂಚೆ ಅಳತೆಪಟ್ಟಿ ಹಿಡಿಯುವುದು ಅವಶ್ಯ, ಏಕೆಂದರೆ ಹಳೆಯ ತಗಡಿನ ಸೀಟಿನ ಜಾಗದಲ್ಲಿ ಈ ಚೌಕಟ್ಟು ಕೂತಾಗ ಕುಳಿತುಕೊಳ್ಳುವ ಎತ್ತರ ನಾಲ್ಕೈದು ಇಂಚು ಏರಿಬಿಡಬಹುದು, ಆಗ ಪೆಡಲಿಗೆ ಕಾಲು ಎಟುಕುವುದಿಲ್ಲ, ಸ್ಟೀರಿಂಗು ತೊಡೆಗೆ ತಾಗುತ್ತದೆ. ಕ್ಲಚ್ಚನ್ನು ಪೂರ್ತಿ ಒತ್ತಿದಾಗಲೂ ಮಂಡಿ ತುಸು ಮಡಿಚೇ ಇರಬೇಕು, ಬೆನ್ನು ಒರಗಿನಿಂದ ಬಿಡಬಾರದು. ಈ ಒಂದು ಪರೀಕ್ಷೆಯಲ್ಲಿ ಸೋತ ಸೀಟನ್ನು ಎಷ್ಟೇ ಕಡಿಮೆ ಬೆಲೆಗೆ ಕೊಟ್ಟರೂ ತರಬೇಡಿರಿ. ಒರಗು ಸೊಂಟದ ತಗ್ಗನ್ನು ತುಂಬಿ ಬೆನ್ನಿನ ಅರ್ಧದವರೆಗೆ ಬಂದರೆ ಸಾಕು, ಹೆಗಲವರೆಗೆ ಬಂದರೆ ಹಿಂದೆ ತಿರುಗಿ ನೋಡಲು ಅಡ್ಡವಾಗುತ್ತದೆ. ಮೆತ್ತೆ ಎರಡು ಎರಡೂವರೆ ಇಂಚಿನ ಗಟ್ಟಿ ಫೋಮಿನದಿರಲಿ. ಹೆಬ್ಬೆರಳಿನಿಂದ ಒತ್ತಿದರೆ ತಳದ ಹಲಗೆ ಕೈಗೆ ಸಿಗಬಾರದು. ರೆಕ್ಸಿನ್ ಬಿಸಿಲಿಗೆ ಕಾದು ಬೆವರಿಸುತ್ತದೆಯಾದ್ದರಿಂದ ಮೇಲೊಂದು ಹತ್ತಿಯ ಹೊದಿಕೆ ಹಾಕಿ, ಬೇಕಾದಾಗ ಒಗೆಯಿರಿ. ಸೀಟಿನ ಚೌಕಟ್ಟನ್ನು ಹಳೆಯ ಬೋಲ್ಟ್ ರಂಧ್ರಗಳಿಗೆ ಒಂದು ದಪ್ಪ ತಟ್ಟೆಯ ಮೂಲಕ ಕೂರಿಸಬೇಕು. ಗೇರುಪೆಟ್ಟಿಗೆಯ ಅಥವಾ ಆಕ್ಸಲ್ಲಿನ ಬೀಡಿನ ಮೈಗೆ ಯಾರಿಗೂ ವೆಲ್ಡಿಂಗ್ ಮಾಡಲು ಬಿಡಬೇಡಿರಿ, ಬೀಡು ಬಿರುಕು ಬಿಟ್ಟರೆ ಸೀಟಿನ ಉಳಿತಾಯವೆಲ್ಲ ಅಲ್ಲಿಗೇ ಹೋಗುತ್ತದೆ.

ಇಲ್ಲಿಯವರೆಗೆ ಹೇಳಿದ್ದು ಮೇಲೆ ಕೆಳಗಿನ ಕುಲುಕಾಟದ ಮಾತು. ಬಾಡಿಗೆಗೆ ಟ್ರೇಲರ್ ಹೊಡೆಯುವ ನಿಮಗೆ ಮುಂದೆ ಹಿಂದಿನ ಜಗ್ಗಾಟವೂ ಅಷ್ಟೇ ಕಾಡುತ್ತಿರಬೇಕು, ಮತ್ತು ಇದನ್ನು ಯಾವ ಸೀಟೂ ತಡೆಯಲಾರದು. ಟ್ರೇಲರಿನ ಮೂತಿಯ ಕಣ್ಣು ಮತ್ತು ಕೊಕ್ಕೆಯ ಪಿನ್ನು ಸವೆದು ಇವುಗಳ ನಡುವೆ ಬೆರಳು ತೂರುವಷ್ಟು ಸಡಿಲವಾಗಿದ್ದರೆ, ಆಕ್ಸಿಲರೇಟರ್ ಕೊಟ್ಟಾಗ ಮತ್ತು ಬಿಟ್ಟಾಗ ಪ್ರತಿ ಸಲವೂ ಹಲವು ಟನ್ನಿನ ಹೊರೆ ನಿಮ್ಮ ಬೆನ್ನಿಗೆ ಸುತ್ತಿಗೆ ಹೊಡೆದಂತೆ ತಾಗುತ್ತದೆ. ಲೇತಿನಲ್ಲಿ ಅಳತೆಗೆ ಸರಿಯಾದ ಪಿನ್ನು ಮಾಡಿಸಿ, ಸವೆದ ಕಣ್ಣಿಗೆ ಬುಷ್ ಹಾಕಿಸಿರಿ. ನನ್ನ ಅನುಭವದಲ್ಲಿ ಇಷ್ಟು ಕಡಿಮೆ ಖರ್ಚಿಗೆ ಇಷ್ಟು ದೊಡ್ಡ ನೆಮ್ಮದಿ ಕೊಡುವ ರಿಪೇರಿ ಇನ್ನೊಂದಿಲ್ಲ. ರೋಟವೇಟರಿನ ಬ್ಲೇಡುಗಳಲ್ಲಿ ಒಂದೆರಡು ಮುರಿದಿದ್ದರೆ ಅಥವಾ ಹಳೆಯವುಗಳ ನಡುವೆ ಹೊಸದನ್ನು ಸೇರಿಸಿದ್ದರೆ ತೂಕ ಸಮನಾಗದೆ ಇಡೀ ಟ್ರ್ಯಾಕ್ಟರ್ ನಡುಗುತ್ತದೆ. ಉಪಕರಣವನ್ನು ಹಿಂದೆ ಹಿಡಿದಿಡುವ ಕೆಳಗಿನ ಲಿಂಕುಗಳ ಚೈನು ಸಡಿಲವಿದ್ದರೆ ಉಪಕರಣ ತೂಗಾಡುತ್ತದೆ. ಇವುಗಳನ್ನೂ ಅದೇ ದಿನ ನೋಡಿಬಿಡಿರಿ.

ಭುಜನೋವಿಗೆ ಸ್ಟೀರಿಂಗು ಕಾರಣವಿರಬಹುದು, ಆದರೆ ಪವರ್ ಸ್ಟೀರಿಂಗಿನ ಕಿಟ್ ಕೊಳ್ಳುವ ಮುನ್ನ ಈಗಿನ ಸ್ಟೀರಿಂಗು ಏಕೆ ಬಿಗಿಯಾಗಿದೆ ಎಂಬುದನ್ನು ಕಂಡುಕೊಳ್ಳಬೇಕು. ಈ ಗಾತ್ರದ ಟ್ರ್ಯಾಕ್ಟರಿನ ಮುಂದಿನ 6.00-16 ಟೈರಿಗೆ ಹಿಂದಿನ ಟೈರಿನ ಎರಡು ಪಟ್ಟಿನಷ್ಟು, ಸಾಮಾನ್ಯವಾಗಿ 26ರಿಂದ 28 ಪೌಂಡ್ ಗಾಳಿ ಬೇಕು. ಅದು ಇಳಿದಿದ್ದರೆ ಸ್ಟೀರಿಂಗು ಭಾರವಾಗುತ್ತದೆ. ಜಾಕಿನಿಂದ ಮುಂಭಾಗ ಎತ್ತಿ, ಕೆಳಗೆ ಭದ್ರವಾದ ಮರದ ದಿಮ್ಮಿ ಇಟ್ಟು ಸ್ಟೀರಿಂಗು ತಿರುಗಿಸಿ ನೋಡಿರಿ. ಎತ್ತಿದಾಗಲೂ ಬಿಗಿಯಿದ್ದರೆ ದೋಷ, ಮುಂದಿನ ಚಕ್ರ ಎಡಬಲಕ್ಕೆ ತಿರುಗಲು ಆಧಾರವಾದ ಕಿಂಗ್‌ಪಿನ್ನಿನ ಬುಷ್ಷಿನಲ್ಲಿ ಅಥವಾ ಸ್ಟೀರಿಂಗ್ ಪೆಟ್ಟಿಗೆಯಲ್ಲಿದೆ. ಎಷ್ಟೋ ಟ್ರ್ಯಾಕ್ಟರುಗಳಲ್ಲಿ ಗ್ರೀಸ್ ನಿಪ್ಪಲಿನ ಬಾಯಿ ಎರೆಮಣ್ಣಿನಿಂದ ಮುಚ್ಚಿಹೋಗಿ, ಮೇಲೆ ಗ್ರೀಸ್ ಒರೆಸಿದ ಗುರುತಿದ್ದರೂ ಒಳಗೆ ವರ್ಷಗಳಿಂದ ಗ್ರೀಸ್ ಇಳಿದಿರುವುದಿಲ್ಲ. ನಿಪ್ಪಲ್ ಬಿಚ್ಚಿ ತೊಳೆದು, ಹಳೆಯ ಗ್ರೀಸ್ ಹೊರಬರುವವರೆಗೆ ಹೊಡೆಯಬೇಕು. ಕ್ಲಚ್ ಪೆಡಲಿನ ಶಾಫ್ಟಿಗೂ ಇದೇ ಉಪಚಾರ. ಕ್ಲಚ್ಚು ಬಿಗಿಯೆಂದು ಪೆಡಲಿನ ತೋಳನ್ನು ಉದ್ದ ಮಾಡಿಸುವವರಿದ್ದಾರೆ. ಹಾಗೆ ಮಾಡಿದರೆ ಒತ್ತಡ ಕಡಿಮೆಯಾಗುತ್ತದೆ, ಆದರೆ ಪೆಡಲ್ ಕೆಳಗೆ ತಾಗಿದರೂ ಕ್ಲಚ್ಚು ಪೂರ್ತಿ ಬಿಡದೆ ಗೇರಿನ ಹಲ್ಲು ಸವೆಯುತ್ತದೆ.

ಇಷ್ಟೆಲ್ಲ ಆದ ಮೇಲೂ ಭುಜ ನೋಯುತ್ತಿದ್ದರೆ ಪವರ್ ಸ್ಟೀರಿಂಗ್ ಹಾಕಿಸುವುದು ನ್ಯಾಯವೇ. ನಿಮ್ಮ ವಯಸ್ಸಿನಲ್ಲಿ, ಬಾಡಿಗೆಯ ದುಡಿಮೆಯೂ ಇರುವಾಗ, ನಾನು ಬೇಡವೆನ್ನುವುದಿಲ್ಲ. ಒಂದು ಸಂಗತಿ ಗೊತ್ತಿರಲಿ: ಸಾಮಾನ್ಯವಾಗಿ ಸಿಗುವ ಕಿಟ್‌ಗಳಲ್ಲಿ ಸ್ಟೀರಿಂಗಿಗೂ ಚಕ್ರಕ್ಕೂ ನಡುವಿನ ಕಬ್ಬಿಣದ ಸಂಬಂಧ ಕಡಿದು, ಎಣ್ಣೆಯ ಪೈಪುಗಳು ಮಾತ್ರ ಉಳಿಯುತ್ತವೆ. ಹಾಗಾಗಿ ಪಂಪು, ಸಿಲಿಂಡರ್, ಬ್ರಾಕೆಟ್ ಎಲ್ಲವೂ ನಿಮ್ಮ ಮಾದರಿಗೆಂದೇ ತಯಾರಾದವಾಗಿರಬೇಕು. ಅಲ್ಲೊಂದು ಇಲ್ಲೊಂದು ಹುಡುಕಿ ತಂದು ಜೋಡಿಸಿದ್ದನ್ನು ಒಪ್ಪಬೇಡಿರಿ. ಇಳಿಜಾರಿನಲ್ಲಿ ಡೀಸೆಲ್ ಉಳಿಸಲು ಎಂಜಿನ್ ಬಂದ್ ಮಾಡುವ ಅಭ್ಯಾಸವಿದ್ದರೆ ಅದನ್ನು ಅಂದಿನಿಂದಲೇ ಬಿಡಬೇಕು, ಎಂಜಿನ್ ನಿಂತರೆ ಸ್ಟೀರಿಂಗು ಮೊದಲಿಗಿಂತಲೂ ಭಾರವಾಗುತ್ತದೆ. ಸ್ಟೀರಿಂಗಿಗೆ ಹಾಕುವ ತಿರುಗುವ ಗುಂಡನೆಯ ಹಿಡಿಯನ್ನು ಈಗಿನ ಸ್ಟೀರಿಂಗಿಗೆ ಖಂಡಿತ ಹಾಕಿಸಬೇಡಿರಿ. ಮುಂದಿನ ಚಕ್ರ ಕಲ್ಲಿಗೆ ಬಡಿದಾಗ ಸ್ಟೀರಿಂಗು ತಾನಾಗಿ ಗಿರ್ರನೆ ತಿರುಗಿ ಆ ಹಿಡಿ ಬೆರಳು ಮುರಿಯುತ್ತದೆ.

ಭುಜ ಮತ್ತು ಕುತ್ತಿಗೆಯ ನೋವಿಗೆ ಇನ್ನೊಂದು ಕಾರಣವುಂಟು, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಬಲಗೈಯಲ್ಲಿ ಸ್ಟೀರಿಂಗು ಹಿಡಿದು, ಮೈ ತಿರುಚಿ ಹಿಂದಿನ ಕಲ್ಟಿವೇಟರನ್ನು ನೋಡುತ್ತಲೇ ದಿನವೆಲ್ಲ ಓಡಿಸುತ್ತೇವಲ್ಲ, ತಿರುಚಿದ ಬೆನ್ನಿಗೆ ತಾಗುವ ಕುಲುಕಾಟ ನೆಟ್ಟಗಿನ ಬೆನ್ನಿಗೆ ತಾಗುವುದಕ್ಕಿಂತ ಹೆಚ್ಚು ಹಾನಿ ಮಾಡುತ್ತದೆ. ಎರಡೂ ಮಡ್‌ಗಾರ್ಡಿನ ಮುಂಭಾಗದಲ್ಲಿ ಲಾರಿಯ ಉಬ್ಬುಗನ್ನಡಿಗಳನ್ನು, ಉಪಕರಣದ ತುದಿಗಳು ಕಾಣುವಂತೆ ಕೆಳಮುಖವಾಗಿ ಕೂರಿಸಿರಿ. ಮೊದಲ ಎರಡು ದಿನ ಕಣ್ಣು ಒಗ್ಗುವುದಿಲ್ಲ, ಆಮೇಲೆ ತಿರುಗುವುದು ತಾನಾಗಿ ಕಡಿಮೆಯಾಗುತ್ತದೆ.

ಕಿವಿಯ ಗುಂಯ್ ಶಬ್ದವನ್ನು ಹಗುರವಾಗಿ ತೆಗೆದುಕೊಳ್ಳಬೇಡಿರಿ. ಕಿವಿಯೊಳಗಿನ ಕೂದಲಿನಂತಹ ಜೀವಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಎಂಟು ಗಂಟೆಗೆ 85 ಡೆಸಿಬೆಲ್ ಎಂಬುದು ಹೆಚ್ಚಿನ ತಜ್ಞರು ಒಪ್ಪುವ ಮಿತಿ, ಅಲ್ಲಿಂದ ಪ್ರತಿ 3 ಡೆಸಿಬೆಲ್ ಏರಿದಂತೆ ಸುರಕ್ಷಿತ ಅವಧಿ ಅರ್ಧಕ್ಕಿಳಿಯುತ್ತದೆ: 88ಕ್ಕೆ ನಾಲ್ಕು ಗಂಟೆ, 91ಕ್ಕೆ ಎರಡು, 94ಕ್ಕೆ ಒಂದೇ ಗಂಟೆ. ಕ್ಯಾಬಿನ್ ಇಲ್ಲದ ಟ್ರ್ಯಾಕ್ಟರುಗಳಲ್ಲಿ ಹೊರೆ ಬಿದ್ದಾಗ ಚಾಲಕನ ಕಿವಿಯ ಬಳಿ 90 ದಾಟುವುದು ಸಾಮಾನ್ಯ. ತೂತು ಬಿದ್ದ ಸೈಲೆನ್ಸರ್ ಬದಲಿಸಿ, ಬಾನೆಟ್ಟು ಮತ್ತು ಮಡ್‌ಗಾರ್ಡಿನ ಸಡಿಲ ತಗಡುಗಳ ಕೆಳಗೆ ರಬ್ಬರ್ ವಾಷರ್ ಕೊಟ್ಟು ಬಿಗಿಯಿರಿ, ಕಾಲಿಡುವ ತಗಡಿನ ಮೇಲೆ ದಪ್ಪ ರಬ್ಬರ್ ಹಾಸಿರಿ. ಇವೆಲ್ಲದರ ಮೇಲೆ, ಕಿವಿಯನ್ನು ಪೂರ್ತಿ ಮುಚ್ಚುವ ರಕ್ಷಕವನ್ನು ಎಂಜಿನ್ ಚಾಲೂ ಮಾಡುವ ಮೊದಲೇ ಹಾಕಿಕೊಳ್ಳಿರಿ. ಕಿವಿಗೆ ಹತ್ತಿ ತುರುಕಿಕೊಂಡರೆ ರಕ್ಷಣೆ ಸಿಗುವುದಿಲ್ಲ. ಜೋರಾಗಿ ಹಾಡು ಹಾಕಿಕೊಂಡರೆ ಸದ್ದಿನ ಮೇಲೆ ಸದ್ದು ಸೇರುತ್ತದೆ, ಅಷ್ಟೇ.

ಹುಡ್ಡಿನ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ: ನೆರಳು ಬೇಕು, ಆದರೆ ಬರಿಯ ತಗಡಿನ ಹುಡ್ ಬೇಡ. ಬಿಸಿಲಿಗೆ ಕಾದ ತಗಡು ತಲೆಯ ಮೇಲೆ ಹೆಂಚಿನಂತೆ ಶಾಖ ಇಳಿಸುತ್ತದೆ, ಎಂಜಿನ್ನಿನ ಸದ್ದನ್ನು ಕಿವಿಗೇ ಮರಳಿಸುತ್ತದೆ. ಮೇಲೆ ಬಿಳಿ ಬಣ್ಣ ಬಳಿದು, ಒಳಗೆ ಎರಡು ಇಂಚು ಗಾಳಿ ಆಡುವ ಜಾಗ ಬಿಟ್ಟು ಎರಡನೆಯ ಪದರವೊಂದನ್ನು, ಬೆಂಕಿ ಹತ್ತದ ಮೆತು ಹಾಸಿನೊಂದಿಗೆ ಕೊಡಿಸಿರಿ. ರೇಡಿಯೇಟರಿನ ಫ್ಯಾನು ಗಾಳಿಯನ್ನು ಮುಂದಿನಿಂದ ಎಳೆದು ಎಂಜಿನ್ನಿನ ಮೇಲಿಂದ ನಿಮ್ಮ ಕಡೆಗೇ ದೂಡುವುದರಿಂದ, ಡ್ಯಾಶ್‌ಬೋರ್ಡಿನ ಕೆಳಗಿನ ಸಂದುಗಳನ್ನು ತಗಡು ಮತ್ತು ರಬ್ಬರಿನಿಂದ ಮುಚ್ಚಿಸಿದರೆ ಮೊಣಕಾಲಿಗೆ ಬಡಿಯುವ ಬಿಸಿಗಾಳಿ ಗಮನಾರ್ಹವಾಗಿ ಇಳಿಯುತ್ತದೆ.

ಹುಡ್ಡಿನ ಬಗ್ಗೆ ಇನ್ನೂ ಮುಖ್ಯವಾದ ಮಾತಿದೆ. ಸಣ್ಣ ಪೈಪುಗಳ ಮೇಲೆ ನಿಂತ ಹುಡ್ ಟ್ರ್ಯಾಕ್ಟರ್ ಮಗುಚಿದಾಗ ನಿಮ್ಮನ್ನು ಕಾಪಾಡುವುದಿಲ್ಲ, ಅದು ಮೊದಲು ಮಡಚಿ ಬೀಳುವುದು ನಿಮ್ಮ ಮೇಲೆಯೇ. ಕಾಪಾಡುವುದು ಪರೀಕ್ಷೆಯಾದ, ಹಿಂದಿನ ಆಕ್ಸಲ್ಲಿಗೆ ಬೋಲ್ಟ್ ಮಾಡುವ ಉರುಳು ರಕ್ಷಣಾ ಚೌಕಟ್ಟು. ಸ್ವೀಡನ್ ದೇಶ 1959ರಲ್ಲಿಯೇ ಹೊಸ ಟ್ರ್ಯಾಕ್ಟರುಗಳಿಗೆ ಇದನ್ನು ಕಡ್ಡಾಯ ಮಾಡಿತು, ಅನಂತರ ಅಲ್ಲಿ ಮಗುಚಿ ಸಾಯುವವರ ಸಂಖ್ಯೆ ಬಹಳ ಇಳಿಯಿತು. ನಿಮ್ಮ ಮಾದರಿಗೆ ಅಂಥ ಚೌಕಟ್ಟು ಸಿಗುವುದಾದರೆ ಹುಡ್ಡನ್ನು ಅದರ ಮೇಲೆ ಕೂರಿಸಿ, ಸೀಟಿಗೆ ಬೆಲ್ಟನ್ನೂ ಹಾಕಿಸಿರಿ. ಚೌಕಟ್ಟಿಲ್ಲದ ಟ್ರ್ಯಾಕ್ಟರಿಗೆ ಮಾತ್ರ ಬೆಲ್ಟ್ ಹಾಕಬಾರದು, ಮಗುಚಿದಾಗ ಅದು ಚಾಲಕನನ್ನು ಯಂತ್ರದ ಕೆಳಗೆ ಕಟ್ಟಿಹಾಕುತ್ತದೆ. ಹಣ ಒಂದಕ್ಕೇ ಇದೆ ಎನ್ನುವುದಾದರೆ, ಪವರ್ ಸ್ಟೀರಿಂಗನ್ನು ಮುಂದಿನ ವರ್ಷಕ್ಕೆ ಬಿಟ್ಟು ಈ ಚೌಕಟ್ಟಿಗೆ ಹಾಕಿರಿ ಎಂದು ನಾನು ಹೇಳುತ್ತೇನೆ.

ಹಾಗಾಗಿ ನಿಮಗೆ ನಾನು ಸೂಚಿಸುವ ಕ್ರಮ ಇದು: ಈ ವಾರವೇ ಗಾಳಿ, ಗ್ರೀಸು, ಟ್ರೇಲರಿನ ಪಿನ್ನು ಮತ್ತು ಕಿವಿ ರಕ್ಷಕ, ಮುಂಗಾರಿಗೆ ಮೊದಲು ಸೀಟು ಮತ್ತು ಕನ್ನಡಿ, ಫಸಲಿನ ಹಣ ಬಂದ ಮೇಲೆ ಚೌಕಟ್ಟು ಮತ್ತು ಹುಡ್, ಅದಾದ ಮೇಲೂ ಭುಜ ಕೇಳಿದರೆ ಪವರ್ ಸ್ಟೀರಿಂಗ್.

ಓಡಿಸುವ ರೀತಿಯ ಬಗ್ಗೆ ಎರಡು ಮಾತು ಸೇರಿಸುತ್ತೇನೆ. ಖಾಲಿ ಟ್ರೇಲರ್ ಕಟ್ಟಿಕೊಂಡು ಹಳ್ಳಿಯ ರಸ್ತೆಯಲ್ಲಿ ಮೇಲಿನ ಗೇರಿನಲ್ಲಿ ಮನೆಗೆ ಮರಳುವ ಹೊತ್ತೇ ಬೆನ್ನಿಗೆ ದಿನದ ಅತಿ ಕೆಟ್ಟ ಹೊತ್ತು. ಅಲ್ಲಿ ಒಂದು ಗೇರು ಇಳಿಸಿದರೆ ಹತ್ತು ನಿಮಿಷ ತಡವಾಗಬಹುದು, ಕುಲುಕಾಟ ಮಾತ್ರ ಬಹಳ ತಗ್ಗುತ್ತದೆ. ಗಂಟೆಗೊಮ್ಮೆ ಇಳಿದು ಐದು ನಿಮಿಷ ನಡೆಯಿರಿ. ಇಳಿಯುವಾಗ ಜಿಗಿಯದೆ, ಮೆಟ್ಟಿಲ ಮೇಲೆ ಕಾಲಿಟ್ಟು ಹಿಡಿ ಹಿಡಿದು ಇಳಿಯಿರಿ. ಹಲವು ಗಂಟೆ ಕುಲುಕಿದ ಬೆನ್ನಿನ ಸ್ನಾಯುಗಳು ಸೋತಿರುತ್ತವೆ, ಬೆನ್ನುಮೂಳೆಯ ನಡುವಿನ ಡಿಸ್ಕುಗಳು ಒತ್ತಿಕೊಂಡಿರುತ್ತವೆ. ಹೀಗಾಗಿ ಟ್ರ್ಯಾಕ್ಟರಿನಿಂದ ಇಳಿದ ಕೂಡಲೇ ಗೊಬ್ಬರದ ಚೀಲಕ್ಕೋ ಮೆಕ್ಕೆಜೋಳದ ಚೀಲಕ್ಕೋ ಬಗ್ಗಬೇಡಿರಿ. ಕಾಲು ಗಂಟೆ ಓಡಾಡಿ, ನೀರು ಕುಡಿದು, ಆಮೇಲೆ ಮಗನ ಜೊತೆಗೂಡಿ ಎತ್ತಿರಿ.